ಎಲ್ಲ ಕಾಲದ ಟೈರು

ಮಗೂ,

ಇವತ್ತು ಮಕ್ಕಳನ್ನು ಕೂರಿಸಿಕೊಂಡು ದೊಡ್ಡ ಕಾರಿನಲ್ಲಿ ಬೆಟ್ಟ ಹತ್ತಬೇಡ. ಬೆಳಿಗ್ಗೆ ಟೈರಿನವನನ್ನು ಮನೆಗೇ ಕರೆಸಿದ್ದೆ. ಪಾಪ, ಮಂಡಿಯೂರಿ ನಾಲ್ಕು ಟೈರನ್ನೂ ತಡವಿ ನೋಡಿದ. ಪಕ್ಕದಲ್ಲಿ ಉಗುರು ಹೋಗುವಷ್ಟು ಬಿರುಕು!

"ಅಜ್ಜಿ, ಇವಕ್ಕೆ ಒಂಬತ್ತು ವರ್ಷ ಆಯ್ತು. ಯಾವಾಗ ಸಿಡಿಯುತ್ತೋ ಹೇಳಕ್ಕಾಗಲ್ಲ" ಅಂದ.

ನೀನೋ, "ಅಮ್ಮ, ಅವು ಎಲ್ಲ ಕಾಲಕ್ಕೂ ಆಗೋ ಟೈರು" ಎನ್ನುತ್ತಿದ್ದೆ. ಮಳೆಗೂ ಬಿಸಿಲಿಗೂ ಎಂದು ಅದರರ್ಥ ಕಣಪ್ಪಾ, ಎಂದೆಂದಿಗೂ ಎಂದಲ್ಲ.

ಟೈರಿನವನು ದುಬಾರಿಯದನ್ನು ತೋರಿಸದೆ, ಹೊಸದರಲ್ಲಿ ಒದ್ದೆ ರಸ್ತೆಯಲ್ಲಿ ಬೇಗ ನಿಲ್ಲುವಂಥದ್ದನ್ನೇ ಆರಿಸಿಕೊಟ್ಟಿದ್ದಾನೆ. ಮಧ್ಯಾಹ್ನ ಬಂದು ಚಕ್ರ ಬಿಚ್ಚಿಕೊಂಡು ಹೋಗುತ್ತಾನೆ. ಅವನಿಗೆ ಚಹಾ ಕೊಡು, ಬೆಳಿಗ್ಗೆ ಕುಡಿಯಲಿಲ್ಲ.

ಕಾರಿನ ಕೀಲಿ ಹುಡುಕಬೇಡ. ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೇನೆ.

ಅಮ್ಮ