ಮರದಡಿಯ ಡೋಲು

ಮಾರ್ಚ್ 3, ಸೋಮವಾರ

ಅರಣ್ಯ ಇಲಾಖೆ ಕೊಡ್ತೀವಿ ಅಂದದ್ದು: ಬಾವಲಿಗಳ ದೊಡ್ಡ ಮರ ಕಡಿಯೋದಿಲ್ಲ. ರಸ್ತೆ ಬಳಸಿ ಹೋಗುತ್ತೆ. ಬೀಜ ಆಯೋ ಹೆಂಗಸರಿಗೆ ಗುರುತಿನ ಚೀಟಿ.
ಕೊಟ್ಟದ್ದು: ಚೀಟಿ ಇಲ್ಲ. ರಸ್ತೆ ನೆಟ್ಟಗೆ. ಮರದ ಮೈಗೆ ಕಡಿಯಲು ಕೆಂಪು ಬಣ್ಣ.

ಬೆಳಗ್ಗೆ ಎಂದಿನಂತೆ ಚಿಕ್ಕಮ್ಮನ ಜೊತೆ ಮರದಡಿ ಟಾರ್ಪಾಲು ಹಾಸಿ ಬೀಜ ಆಯ್ದೆ. ಬಾವಲಿ ತಿಂದು ಉದುರಿಸಿದ ಬೀಜ ನರ್ಸರಿಯಲ್ಲಿ ಬೇಗ ಮೊಳೆಯುತ್ತೆ. ಸುಟ್ಟ ಗುಡ್ಡದಲ್ಲಿ ನಾವು ಎಬ್ಬಿಸಿದ ಕಾಡೆಲ್ಲ ಅವುಗಳ ಎಂಜಲೇ. ಹೇಳಿದರೆ ಇಲಾಖೆಯ ಸಾಹೇಬರು ಮೂಗು ಮುಚ್ಚಿಕೊಳ್ತಾರೆ.

ಬುಧವಾರ ಮರದಡಿಯೇ ಧರಣಿ. ಡೋಲು, ಮೈಕ್. ಬೀಜ ಆಯೋ ಹೆಂಗಸರ ಸಂಘದಲ್ಲಿ ನಾನೇ ಸೂಚಿಸಿದ್ದು.

ಮಾರ್ಚ್ 4

ಚಿಕ್ಕಮ್ಮ: "ಡೋಲು ಬೇಡ ಕಣೇ. ಮರಿ ಹಾಕಿರೋ ಕಾಲ. ಆಫೀಸಿನ ಮುಂದೆ ಬಡಿ, ಸಾಹೇಬ್ರ ಕಿವಿ ಹರಿದ್ಹೋಗ್ಲಿ."
"ಸದ್ದಿಲ್ದೆ ಕೂತ್ರೆ ಅದು ಧರಣಿ ಅಲ್ಲ ಚಿಕ್ಕಮ್ಮ, ನಿದ್ದೆ."
ಎಲ್ಲರೂ ನಕ್ಕರು. ಅವಳೂ... ಇಲ್ಲ. ಅವಳು ನಗಲಿಲ್ಲ.

ಮಾರ್ಚ್ 5, ಸಂಜೆ

ಮೊದಲ ಏಟಿಗೇ ಇಡೀ ಮರ ಎದ್ದಿತು. ಹಾಡುಹಗಲು. ಆಕಾಶವೆಲ್ಲ ರೆಕ್ಕೆ. ನಮ್ಮವರು ಚಪ್ಪಾಳೆ ತಟ್ಟಿದರು. "ಬಾವಲಿಗಳೂ ನಮ್ಮ ಜೊತೆ ಹೋರಾಟಕ್ಕಿಳಿದಿವೆ!" ಅಂತ ನಾನು ಮೈಕಿನಲ್ಲಿ ಕೂಗಿದೆ.

ಆಮೇಲೆ ಮರಿಗಳು ಬೀಳತೊಡಗಿದವು. ಅಂಗೈಯಗಲದವು. ಕಣ್ಣು ಬಿಟ್ಟಿದ್ದವು. ಕಂಡ ಮೇಲೂ ಎರಡು ಹಾಡು ಮುಗಿಸಿಯೇ ಡೋಲು ನಿಲ್ಲಿಸಿದೆ. ಚಿಕ್ಕಮ್ಮ ಬೀಜದ ಬುಟ್ಟಿಗೆ ಒಂದೊಂದೇ ಆಯ್ದುಕೊಂಡಳು. ಹದಿನೇಳು.

ಪತ್ರಿಕೆಯವನು ಕೇಳಿದ — ಏನಾಯ್ತು?
"ಇಲಾಖೆಯವನು ಗರಗಸದ ಯಂತ್ರ ಆನ್ ಮಾಡಿದ" ಅಂದೆ. ನಾಲಿಗೆ ತಡವರಿಸಲೇ ಇಲ್ಲ.

ಮಾರ್ಚ್ 6

ಸುದ್ದಿ ಬಂತು. ನನ್ನ ಫೋಟೊ, ಮುಷ್ಟಿ ಎತ್ತಿದ್ದು. ಗರಗಸದವನನ್ನು ಕೆಲಸದಿಂದ ತೆಗೆದರಂತೆ. ಅವನೂ ನಮ್ಮ ಹಾಗೆ ದಿನಗೂಲಿ.

ಮಾರ್ಚ್ 11

ಬರೆಯಲು ಕೂತರೆ ಇದನ್ನೇ ಬರೆಯಬೇಕಿತ್ತು. ಅದಕ್ಕೇ ಕೂರಲಿಲ್ಲ.

ಮರ ಖಾಲಿ. ಟಾರ್ಪಾಲಿನ ಮೇಲೆ ಬರೀ ಎಲೆ. ಸಾಹೇಬರು ಬಂದು ತಲೆಯೆತ್ತಿ ನೋಡಿದರು. "ಬಾವಲಿ ಎಲ್ಲಮ್ಮಾ? ಇಲ್ದೇ ಇರೋದನ್ನ ಹೇಗೆ ಉಳಿಸ್ಲಿ?" ಪತ್ರಿಕೆಯ ಬಾಯಿ ಮುಚ್ಚಿಸಲು ಕೂಲಿಯವನ ತಲೆ ಕೊಟ್ಟರು. ಫೈಲಿನಲ್ಲಿ ಮಾತ್ರ — ‘ತಾವಾಗಿಯೇ ಬಿಟ್ಟುಹೋಗಿವೆ’. ಇನ್ನು ಮರ ಕಡಿಯಲು ಅಡ್ಡಿಯಿಲ್ಲ.

ಮಧ್ಯಾಹ್ನ ಗರಗಸದವನ ಹೆಂಡತಿ ಸಂಘದ ಬಾಗಿಲಿಗೆ ಬಂದಳು. "ಅಕ್ಕಾ, ನ್ಯಾಯ ಕೇಳೋರು ನೀವೇ ಅಂತಾರೆ. ಮಗೂಗೆ ಜ್ವರ ಅಂತ ಅವತ್ತು ಅವರು ಕೆಲಸಕ್ಕೇ ಹೋಗಿರ್ಲಿಲ್ಲ."
ಕೂರಿಸಿ ಟೀ ಕೊಟ್ಟೆ. ಥೂ... ಟೀ ಕೊಟ್ಟೆ!

ಮಾರ್ಚ್ 12

ಚಿಕ್ಕಮ್ಮನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.
"ನಾವೇ ಓಡ್ಸಿದ್ದು ಅಂತ ಹೇಳು. ತಾವಾಗೇ ಹೋಗಿದ್ರೆ ಬರಲ್ಲ. ಓಡ್ಸಿದ್ದಾದ್ರೆ ತಿರುಗಿ ಬರ್ಬೋದು, ಅಲ್ಲೀವರ್ಗೂ ಮರ ಮುಟ್ಬೇಡಿ ಅನ್ಬೋದು. ಆ ಹುಡುಗೀ ಗಂಡನ ಕೆಲ್ಸಾನೂ ತಿರುಗಿ ಸಿಗುತ್ತೆ."
"ಸಂಘದ ಮಾನ?"
"ಇದ್ರೆ ಹೇಳ್ತೀಯ."

ಸಾಹೇಬರಿಗೆ, ಪತ್ರಿಕೆಯವನಿಗೆ, ಆ ಗಂಡ ಹೆಂಡತಿಗೆ — ಎಲ್ಲರಿಗೂ ಹೇಳಿಕಳಿಸಿದೆ. ಮೊದಲ ಮಾತು ನನ್ನದು. ಸಭೆ ನರ್ಸರಿ ಶೆಡ್ಡಿನಲ್ಲಿ, ಶುಕ್ರವಾರ, ಬೆಳಗ್ಗೆ ಹನ್ನೊಂದಕ್ಕೆ.