ಭಾವನ ಕೋಟಿನ ತೋಳು

ಮಾರ್ಚ್ ೩, ಬೆಳಗ್ಗೆ

ಇಸ್ತ್ರಿ ಪೆಟ್ಟಿಗೆ ಕಾಯುವವರೆಗೆ ಎರಡು ಸಾಲು. ಅಂಗಡಿಗೆ ಬಿಸಿಲು ಬಂದಾಗ ನೂಲಿನ ಧೂಳು ಗಾಳಿಯಲ್ಲೇ ನಿಲ್ಲುತ್ತದೆ. ನೋಡುತ್ತ ಕೂತರೆ ಕೆಲಸ ಮರೆತುಹೋಗುತ್ತದೆ. ಎರಡು ಪ್ಯಾಂಟು, ಒಂದು ಜಿಪ್ಪು... ಆಮೇಲೆ ಫೋನು ನೋಡಿದೆ. ನೋಡಬಾರದಿತ್ತು.

ಬೀದಿಯವರ ಫೇಸ್‌ಬುಕ್ ಗ್ರೂಪಿನಲ್ಲಿ ಭಾವನ ಫೋಟೊ. ಮೈಮೇಲೆ ನಾನು ಹೊಲಿದ ಕೋಟು. ಕೆಳಗೆ ಅವರೇ ಬರೆದದ್ದು: "ನನ್ನ ಬಾಮೈದ ಗೋಣಿಚೀಲಕ್ಕೆ ಎರಡು ತೋಳಿಟ್ಟು ಕೋಟು ಅಂತಾನೆ." ನಲವತ್ತೊಂದು ಲೈಕು.

ಅಕ್ಕನ ಗಂಡ. ಎದುರು ಸಾಲಿನಲ್ಲೇ ಬೇಕರಿ. ರಸ್ತೆ ದಾಟಿ ಬಂದು ಮುಖಕ್ಕೇ ಹೇಳಬಹುದಿತ್ತು. ಇಪ್ಪತ್ತೆರಡು ವರ್ಷದ ಕಸುಬು ನನ್ನದು. ಮೈಯೆಲ್ಲ ಉರಿಯಿತು.

ಮಾರ್ಚ್ ೬

ಫೋಟೊ ತೋರಿಸಿದ್ದಕ್ಕೆ ವಕೀಲರಿಗೆ ಖುಷಿಯೋ ಖುಷಿ. "ಮಾನನಷ್ಟ ಅಂದ್ರೆ ಇದೇ ನೋಡಿ. ಎಲ್ಲರೆದುರು ಕ್ಷಮೆ ಕೇಳಿಸೋಣ. ಲೈಕ್ ಒತ್ತಿದವರನ್ನೂ ಸೇರಿಸೋಣ್ವಾ?" ಪಟ್ಟಿ ಓದಿದರು. ಹದಿನೇಳನೆಯ ಹೆಸರು ನಮ್ಮಮ್ಮನದು.

ಮನೆಗೆ ಬಂದು ಕೇಳಿದೆ. "ಅಳಿಯಂದ್ರ ಫೋಟೊ ಚೆನ್ನಾಗಿತ್ತು, ಒತ್ತಿದೆ. ಓದೋಕೆ ಕನ್ನಡಕ ಎಲ್ಲಿತ್ತು? ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರುತ್ತೇನೋ?" ಅಂದಳು.

ಅಮ್ಮನನ್ನು ಬಿಟ್ಟು ಭಾವನ ಮೇಲೆ ಮಾತ್ರ ಕೇಸು.

ಮಾರ್ಚ್ ೧೯

ನೋಟಿಸು ತಲುಪಿದೆ. ಅಕ್ಕನ ಫೋನು. "ಮನೆ ಬಾಗಿಲಿಗೆ ಕೋರ್ಟಿನ ಕಾಗದ ಕಳಿಸಿದೀಯಲ್ಲೋ. ಕೇಸು ಬಿಡೋವರೆಗೂ ನಿನ್ನ ಹೊಸ್ತಿಲು ತುಳಿಯಲ್ಲ." ಇಟ್ಟುಬಿಟ್ಟಳು.

ತುಳಿಯದಿದ್ದರೆ ಬಿಡಲಿ ಅಂದುಕೊಂಡೆ. ಜಂಬ.

ಜೂನ್ ೮, ಮಧ್ಯಾಹ್ನ

ಇಷ್ಟು ದಿನ ಏನೂ ಬರೆದಿಲ್ಲ. ಮೊದಲು ಅಕ್ಕ ದಿನಾ ಸಂಜೆ ಬಂದು ಅಮ್ಮನ ತಲೆ ಬಾಚುತ್ತಿದ್ದಳು. ಈಗ ನಾನು ಬಾಚುತ್ತೇನೆ. "ನಿನ್ನ ಕೈ ಭಾರ ಕಣೋ" ಅನ್ನುತ್ತಾಳೆ ಅಮ್ಮ. ಬಾಗಿಲ ಕಡೆ ನೋಡುತ್ತಾಳೆ.

ಅಂಗಡಿಯಲ್ಲಿ ಇಸ್ತ್ರಿ ಹಬೆಯ ಬಿಸಿಗೆ ತೂಕಡಿಕೆ. ಕನಸು — ಜಡ್ಜು ಟೇಪು ಹಿಡಿದು ಭಾವನ ಮಾತಿನ ಉದ್ದ ಅಳೆಯುತ್ತಿದ್ದಾರೆ. ಟೇಪು ಕಿಟಕಿಯಿಂದಾಚೆ, ನಮ್ಮ ಬೀದಿಯುದ್ದಕ್ಕೂ, ಬೇಕರಿಯ ಬಾಗಿಲವರೆಗೆ... ಅಲ್ಲಿ ಅಕ್ಕ ಇನ್ನೊಂದು ತುದಿ ಹಿಡಿದು ನಿಂತಿದ್ದಾಳೆ. ಎಳೆಯುವುದೂ ಇಲ್ಲ, ಬಿಡುವುದೂ ಇಲ್ಲ.

ಎಚ್ಚರವಾದಾಗ ಯಾರದೋ ಕಾಲರ್ ಸುಟ್ಟ ವಾಸನೆ.

ಜೂನ್ ೨೪

ಕೋರ್ಟು. ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಕಿಟಕಿಯಲ್ಲಿ ಪಾರಿವಾಳ. ಎಲ್ಲರ ಮಾತೂ ನೀರಿನೊಳಗಿಂದ ಬಂದ ಹಾಗೆ.

ಜಡ್ಜು ಭಾವನಿಗೆ, "ಕೋಟು ತಂದಿದ್ದೀರಲ್ಲ, ಹಾಕ್ಕೊಂಡು ತೋರಿಸಿ" ಅಂದರು.

ಹಾಕಿಕೊಂಡರು. ತೋಳು ಮಣಿಕಟ್ಟಿನಿಂದ ಮೂರು ಬೆರಳು ಮೇಲೆ. ಹಿಟ್ಟು ನಾದಿ ನಾದಿ ಭುಜ ದಪ್ಪಗಾಗಿದೆ, ಬೆನ್ನು ಬಾಗಿದೆ. ಯಾವಾಗ ಹೀಗಾದರು? ಈ ಕೋಟಿಗೆ ನಾನು ಅಳತೆಯನ್ನೇ ತೆಗೆದಿರಲಿಲ್ಲ. ಭಾವನ ಅಳತೆ ನನಗೆ ಬಾಯಿಪಾಠ. ಅಕ್ಕನ ಮದುವೆಯ ಕೋಟಿನದು, ಹದಿನೈದು ವರ್ಷ ಹಿಂದಿನದು.

ಯಾವಾಗ ಎದ್ದೆನೋ ಗೊತ್ತಿಲ್ಲ. ಕೊರಳಲ್ಲಿ ಟೇಪು ಇದ್ದೇ ಇತ್ತು. ಹಿಂದೆ ನಿಂತು ಭುಜ ಅಳೆದೆ. ಜೇಬಿನ ಸೀಮೆಸುಣ್ಣ ತೆಗೆದು ಗೆರೆ ಎಳೆದೆ. "ಕೈ ಸಡಿಲ ಬಿಡಿ ಭಾವ." ಬಿಟ್ಟರು.

"ಏನ್ರೀ ಮಾಡ್ತಿದ್ದೀರಿ?" ಜಡ್ಜು.

"ಎರಡು ಇಂಚು ಕಮ್ಮಿಯಾಗಿದೆ ಸ್ವಾಮಿ. ತಪ್ಪು ನಂದೇ."

ನನ್ನ ವಕೀಲರು ತಲೆಯ ಮೇಲೆ ಕೈ ಹೊತ್ತರು. ಕೇಸು ಅಲ್ಲೇ ವಾಪಸು. ಭಾವ ಕೋಟು ಹಾಕಿಕೊಂಡೇ ಹೊರಟರು, ಬೆನ್ನ ಮೇಲೆ ನನ್ನ ಬಿಳಿ ಗೆರೆ. ನಾಚಿಕೆಯಾಯಿತು. ಅಳುವೂ ಬಂತು. ಎದುರು ಸಾಲಿನ ಮನುಷ್ಯನನ್ನು ಇಷ್ಟು ವರ್ಷ ನೋಡಿಯೇ ಇರಲಿಲ್ಲ ನಾನು.

ಜೂನ್ ೨೭, ಸಂಜೆ

ಅಮ್ಮನ ತಲೆ ಅರ್ಧ ಬಾಚಿದೆ. ಸಾಕು ಬಿಡು, ನೋಯುತ್ತೆ ಅಂದಳು. ಮೂರು ದಿನವಾಯಿತು, ಆಚೆ ಕಡೆಯಿಂದ ಸುದ್ದಿಯಿಲ್ಲ. ಅದೇ ಬಟ್ಟೆಯ ತುಂಡು ಹುಡುಕಿ ಇಟ್ಟಿದ್ದೇನೆ, ಎರಡು ಇಂಚಿಗೆ ಸಾಲುತ್ತದೆ. ಭಾವ ಕೋಟು ಕೊಟ್ಟರೆ...

ಬಾಗಿಲಲ್ಲಿ ಚಪ್ಪಲಿಯ ಸದ್ದು. ಅಮ್ಮ ಬಾಚಣಿಗೆಗೆ ತಡಕಾಡುತ್ತಿದ್ದಾಳೆ. "ಏಳೋ ಆಚೆ, ಕೈ ಹಗುರದವಳು ಬಂದ್ಲು."

ಕೋಟೂ ತಂದಿದ್ದಾಳೆ. ಸೀಮೆಸುಣ್ಣದ ಗೆರೆ ಒರೆಸದೆ ಹಾಗೇ—