ಬಾಗಿಲಲ್ಲೇ ಬೇಡವೆಂದ ಕಾಗದ

ಖೆನಿಫ್ರಾ
ಶುಕ್ರವಾರ, ಮೇ ೧೭

ನನ್ನ ಯಮ್ನಾ ಅಕ್ಕನಿಗೆ,

ತಂಗಿ ತೂದಾಳ ಸಲಾಮು. ಇದನ್ನು ಫೋನಿನಲ್ಲೇ ಹೇಳಬೇಕಿತ್ತು. ನಿನ್ನ ದನಿ ಕೇಳಿದರೆ ನನಗೆ ಬಾಯಿ ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮನೆ ಕೈತಪ್ಪಿತು, ಅಕ್ಕ. ಭಾವ ತೀರಿಕೊಂಡ ಮೇಲೆ ಅವರ ತಮ್ಮ ಅದು ತನ್ನದೆಂದ, ಕೆಳಗಿನ ಕೋರ್ಟು ಹೌದೆಂದಿತು. ನಮಗೆ ಉಳಿದಿದ್ದದ್ದು ಮೇಲ್ಮನವಿ ಒಂದೇ. ಅದರ ಗಡುವು ಮುಗಿದುಹೋಗಿದೆ. ಅಗಾದಿರಿನ ಮೀನಿನ ಕಾರ್ಖಾನೆಯಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡು ನೀನು ಕಟ್ಟಿಸಿದ ಮನೆ ನನ್ನಿಂದ ಹೋಯಿತು.

ಕೋರ್ಟಿರುವ ಊರಿನಲ್ಲಿ ಒಂದು ವಿಳಾಸ ಕೊಡಲೇಬೇಕು ಎಂದಾಗ ನೀನು ನನ್ನನ್ನು ನಂಬಿ ನನ್ನ ಮನೆಯದನ್ನೇ ಕೊಟ್ಟೆ. ತೀರ್ಪಿನ ಪ್ರತಿ ಹಿಡಿದು ಕೋರ್ಟಿನ ಅಮೀನ ಬಂದದ್ದು, ಮಗಳು ಶೈಮಾಳನ್ನು ಹೆಣ್ಣು ಕೇಳಲು ಗಂಡಿನ ಕಡೆಯವರು ಬಂದ ದಿನವೇ. ಅವರು ಶಾಸ್ತ್ರಕ್ಕೆಂದು ತಂದ ಗೋಪುರದಾಕಾರದ ಸಕ್ಕರೆ ಅಚ್ಚುಗಳು, ಹಾಲು, ಖರ್ಜೂರ ಎಲ್ಲ ನಡುಮನೆಯಲ್ಲಿದ್ದವು. ಹುಡುಗನ ತಾಯಿ, "ನಮಗೆ ಕೋರ್ಟು ಕಚೇರಿ ಗಲಾಟೆ ಇಲ್ಲದ ಮನೆತನ ಸಾಕಮ್ಮ, ಬೇರೇನೂ ಬೇಡ" ಎನ್ನುತ್ತಿದ್ದರು. ಆಗಲೇ ಯಾರೋ ಬಾಗಿಲು ಬಡಿದರು. ಆ ಅಮೀನನನ್ನು ನಮ್ಮ ಬೀದಿಯ ಕೋಳಿಗಳೂ ಗುರುತು ಹಿಡಿಯುತ್ತವೆ. ಬಾಗಿಲು ಅರ್ಧವೇ ತೆರೆದು, "ನಾವು ತಗೊಳಲ್ಲಪ್ಪ, ಹೋಗು" ಎಂದೆ. ಕಾಗದ ಮುಟ್ಟದಿದ್ದರೆ ಕೇಸು ಇದ್ದಲ್ಲೇ ಇರುತ್ತದೆ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಅಪ್ಪನೂ ಹಾಗೇ ನಂಬಿದ್ದರು, ನಾನೂ ನಂಬಿದೆ.

ಯಾರು ಬಂದದ್ದೆಂದು ಒಳಗಿನವರು ಕೇಳಿದರೆ, ಗ್ಯಾಸಿನವನು ಎಂದೆ.

ಆಮೇಲೆ ನೀನು ವಾರವಾರವೂ "ಪೇಪರ್ ಬಂತೇನೇ?" ಎನ್ನುತ್ತಿದ್ದೆ. "ಇಲ್ಲ ಕಣೇ, ಕೋರ್ಟಿನವರಿಗೇನು ಅವಸರ?" ಎಂದು ನಾನು ನಗಿಸುತ್ತಿದ್ದೆ. ನೀನೂ ನಗುತ್ತಿದ್ದೆ, ಪಾಪ.

ನಿನ್ನೆ ವಕೀಲ ಬೆನ್ನಾಸರ್ ಕರೆಸಿದರು. ಕೂಗಾಡಿದ್ದರೆ ಚೆನ್ನಾಗಿತ್ತು. "ಬೇಡ ಅಂದ್ರೂ ಕೊಟ್ಟ ಹಾಗೇ ಲೆಕ್ಕ ಕಣಮ್ಮ. ಹತ್ತನೇ ದಿನಕ್ಕೆ ತಲುಪಿತು ಅಂತ ಬರ್ಕೊಂಡ್ರು. ಅಲ್ಲಿಂದ ಮೂವತ್ತು ದಿನ ಇತ್ತು. ನೀವು ಒಂದು ಮಾತು ಹೇಳಿದ್ರೆ ಅವತ್ತೇ ಮೇಲ್ಮನವಿ ಹಾಕ್ತಿದ್ದೆ. ಈಗ ಯಾರೂ ಕೇಳಲ್ಲ" ಎಂದರು. ಬೇರೆ ದಾರಿಯೇ ಇಲ್ಲವೇ ಎಂದು ಅಂಗಲಾಚಿದೆ. "ನಿಮ್ಮಕ್ಕ ನಡುವೆ ತೀರ್ಕೊಂಡಿದ್ರೆ ಗಡುವು ನಿಲ್ತಿತ್ತು" ಎಂದರು. ತಮಾಷೆಯಲ್ಲ, ಕಾನೂನೇ ಹಾಗಂತೆ.

ಶೈಮಾಳ ಮದುವೆ ಗೊತ್ತಾಗಿದೆ. ಈ ಸುದ್ದಿ ಬರೆಯುವುದಕ್ಕೂ ನಾಚಿಕೆ. ಬೀಗರೆದುರು ಮಾನ ಕಾಯಲು ಹೋಗಿ ನಿನ್ನ ಮುಂದೆ ಕಳೆದುಕೊಂಡೆ. ಮದುವೆಗೆ ಬಾ ಎನ್ನಲು ನನಗೆ ಮುಖವಿಲ್ಲ. ಗೊತ್ತಿಲ್ಲದೆ ಮಾಡಿದಳು ಎಂದಾದರೂ ಅಂದುಕೋ.

ಇಂತಿ, ನಿನ್ನ ನಂಬಿಕೆ ಉಳಿಸಿಕೊಳ್ಳದ ತಂಗಿ,
ತೂದಾ

ತಾ.ಕ.: ಗೊತ್ತಿಲ್ಲದೆ ಎಂದದ್ದು ಸುಳ್ಳು, ಅಕ್ಕ. ಅಮೀನ ಅವತ್ತೇ, ಒಳಗಿನವರಿಗೆ ಕೇಳದಂತೆ ಮೆಲ್ಲಗೆ ಹೇಳಿದ್ದ: "ತಗೊಂಡ್ರೂ ತಗೊಳ್ದಿದ್ರೂ ದಿನ ಓಡುತ್ತಮ್ಮ, ಇವತ್ತೇ ನಿಮ್ಮಕ್ಕನಿಗೆ ಹೇಳ್ಬಿಡಿ." ಹೇಳಿದ್ದರೆ ನೀನು ಮರುದಿನವೇ ಬಸ್ಸು ಹತ್ತಿ ಕೋರ್ಟಿಗೆ ಬರುತ್ತಿದ್ದೆ. ನಿಶ್ಚಿತಾರ್ಥ ಮುಗಿಯುವವರೆಗೆ ನೀನು ಈ ಊರಿಗೆ ಬರುವುದು ನನಗೆ ಬೇಕಿರಲಿಲ್ಲ.